ತೋಪಮ್ಮ ಕೊಟ್ಟ ರಜೆ

ರಜೆಯ ಸುದ್ದಿ ಗುಟ್ಟಾಗಿರಲಿ ಎಂದು ಪ್ರಭಾಕರನ್ ತನ್ನ ಏಳು ವರ್ಷದ ಮಗಳ ಕಿವಿಯಲ್ಲಿ ಹೇಳಿದ್ದೇ ತಪ್ಪಾಯಿತು. ನಿವೇತಾ ಗುಟ್ಟನ್ನು ತನಗೆ ತಿಳಿದಂತೆ ಕಾಪಾಡಿದಳು. ಶುಕ್ರವಾರ ಬೆಳಗ್ಗೆ ಹಾಲು ಕುಡಿಯುತ್ತ, "ಅಜ್ಜೀ, ನಾಳೆ ನಾವು ಮಳೆಕಾಡಿಗೂ ಕಡಲಿಗೂ ಓಗ್ತಿರೋದ ನೀ ಯಾರ್ಗೂ ಏಳ್ಬ್ಯಾಡ" ಎಂದು ನಾಗಮ್ಮಾಳಿಗೆ ಬೆರಳು ತೋರಿಸಿ ಎಚ್ಚರಿಸಿದಳು.

ನಾಗಮ್ಮಾಳ್ ಲೋಟ ಕೆಳಗಿಟ್ಟಳು. ಆ ಲೋಟದ ಸದ್ದಿಗೇ ಒಳಗೆ ಬಟ್ಟೆ ಮಡಚುತ್ತಿದ್ದ ಪ್ರಭಾಕರನ್‌ಗೆ ಎಲ್ಲ ಅರ್ಥವಾಗಿಹೋಯಿತು.

ಪಾಪ, ಅವನದೂ ತಪ್ಪಿಲ್ಲ. ತಮಿಳುನಾಡಿನ ತೇಣಿ ಕಡೆಯ ಗೂಡಲೂರಿನ ಬಸ್ ನಿಲ್ದಾಣದ ಹತ್ತಿರ ಅವನಿಗೆ ಪೈಪು, ಮೋಟಾರುಗಳ ಅಂಗಡಿ. ದ್ರಾಕ್ಷಿ ತೋಟದವರು, ತೆಂಗಿನ ತೋಟದವರು ಎಲ್ಲ ಅವನ ಗಿರಾಕಿಗಳು. ಅವನು ಊರು ಬಿಡಬೇಕು ಎಂದುಕೊಂಡ ದಿನವೇ ಯಾರದಾದರೂ ಬಾವಿಯ ಮೋಟಾರು ಸುಟ್ಟುಹೋಗುತ್ತಿತ್ತು. ಹೀಗೆ ಮದುವೆಯಾದ ಮೇಲೆ ಒಂದು ರಜೆಯನ್ನೂ ಕಾಣದ ಮನುಷ್ಯ ಈ ಸಲ ಗಟ್ಟಿ ಮನಸ್ಸು ಮಾಡಿದ್ದ. ಕುಮಳಿ ಘಟ್ಟ ಹತ್ತಿದರೆ ಅತ್ತ ಕೇರಳ. ಅಲ್ಲಿ ಮಳೆಕಾಡಿನ ನಡುವೆ ಮರದ ಗುಡಿಸಲಲ್ಲಿ ಎರಡು ರಾತ್ರಿ, ಆಮೇಲೆ ಇಳಿದು ವರ್ಕಲೆಯ ಕಡಲ ದಂಡೆಯಲ್ಲಿ ಎರಡು ರಾತ್ರಿ. ಜಿಗಣೆ ಹತ್ತದಂತೆ ಉದ್ದನೆಯ ಕಾಲುಚೀಲ, ಮಗಳಿಗೆ ಗಾಳಿ ತುಂಬುವ ಬಾತುಕೋಳಿ, ಅವಳ ಅಮ್ಮ ಕಾರ್ತಿಕಾಳಿಗೆ ಅಗಲ ಅಂಚಿನ ಟೋಪಿ, ಎಲ್ಲ ತೇಣಿಯಿಂದ ಬಂದಿದ್ದವು. ಅಲೆಗಳೊಳಕ್ಕೆ ನಿನ್ನನ್ನು ಹೆಗಲ ಮೇಲೆ ಕೂರಿಸಿಕೊಂಡು ಇಳಿಯುತ್ತೇನೆ ಎಂದು ಮಗಳಿಗೆ ಮಾತು ಕೊಟ್ಟಾಗಿತ್ತು. ಆ ಮಾತು ಕೊಟ್ಟ ದಿನದಿಂದ ಅವನಿಗೂ ಅಂಗಡಿಯಲ್ಲಿ ಕೂತಲ್ಲೇ ಅಲೆಯ ಸದ್ದು ಕೇಳುತ್ತಿತ್ತು.

"ಅಪ್ಪಾ, ಮಳೆಕಾಡಿಗೆ ನಾಲ್ಕು ಮಾಳಿಗೆ ಇರ್ತವಂತೆ. ಪುಸ್ತಕದಲ್ಲಿ ಐತೆ. ನಾವು ಎಷ್ಟನೇ ಮಾಳಿಗೇಲಿ ಇರೋದು?" ಎಂದು ಮಗಳು ಕೇಳಿದ್ದಳು.

"ಕೆಳಗಿಂದು. ಅಲ್ಲೇ ಬಾತ್ರೂಮು ಇರೋದು" ಎಂದು ಇವನು ಉತ್ತರಿಸಿದ್ದ.

ಇಂಥ ಪಕ್ಕಾ ಯೋಜನೆಯ ಎದುರು ಈಗ ನಾಗಮ್ಮಾಳ್ ಬಂದು ನಿಂತಳು.

"ಕೂಸ ಘಟ್ಟ ಅತ್ತುಸ್ತೀಯಾ, ಕಡಲಿಗೆ ಇಳುಸ್ತೀಯಾ. ತೋಪಮ್ಮನ ಒಂದು ಮಾತು ಕೇಳ್ದೇನೆ?"

"ಅವ್ವಾ, ರೂಮು ಬುಕ್ ಆಗೋಯ್ತು."

"ರೂಮಿನೋನು ಕಾಪಾಡ್ತಾನಾ? ಇವತ್ತು ಶುಕ್ರವಾರ. ಸಾಯಂಕಾಲ ಊವ ಕೇಳಾನ. ಅಮ್ಮ ಓಗು ಅಂದ್ರೆ ಓಗು."

ಅಲ್ಲಿಗೆ ಮಾತು ಮುಗಿಯಿತು. ಆ ಮನೆತನದಲ್ಲಿ ಬಾವಿ ತೋಡುವುದಿರಲಿ, ಹೆಣ್ಣು ನೋಡುವುದಿರಲಿ, ತೋಪಿನೊಳಗಿನ ಕುಲದೇವತೆಯ ಮುಂದೆ ಹೂವು ಕೇಳದೆ ಯಾರೂ ಹೊಸ್ತಿಲು ದಾಟುವಂತಿಲ್ಲ. ಪೂಸಾರಿ ಬಾಳೆಲೆಯ ಎರಡು ಪೊಟ್ಟಣ ಕಟ್ಟಿ ಅಮ್ಮನ ಪಾದದಲ್ಲಿ ಇಡುತ್ತಾನೆ. ಒಂದರಲ್ಲಿ ಬಿಳಿ ಹೂವು, ಒಂದರಲ್ಲಿ ಕೆಂಪು. ಏನೂ ಅರಿಯದ ಮಗುವೊಂದು ಅದರಲ್ಲಿ ಒಂದನ್ನು ಎತ್ತಬೇಕು. ಬಿಳಿ ಬಂದರೆ ಸರಿ, ಕೆಂಪು ಬಂದರೆ ಬೇಡ. ಎತ್ತದೆ ಉಳಿದ ಪೊಟ್ಟಣವನ್ನು ಯಾರೂ ಬಿಚ್ಚಬಾರದು. ಹಾಗೇ ಗುಡಿಯ ಹಿಂದಿನ ಕಾಲುವೆಗೆ ಬಿಡಬೇಕು. ಒಮ್ಮೆ ಕೇಳಿದ್ದನ್ನು ಮತ್ತೆ ಕೇಳಲೂಬಾರದು.

ತೊಂದರೆ ಏನೆಂದರೆ ತೋಪಮ್ಮ ಕೆಂಪಿನ ಕಡೆಯವಳು ಎಂದು ಊರಿಗೇ ಗೊತ್ತು. ಪಕ್ಕದ ಮನೆಯ ಕಾಳಿಮುತ್ತು ಮೇಲ್ಮಾಳಿಗೆ ಕಟ್ಟಲೇ ಎಂದು ಕೇಳಿದಾಗ ಕೆಂಪು. ಹಳೇ ಮನೆಯನ್ನೇ ರಿಪೇರಿ ಮಾಡಲೇ ಎಂದಾಗಲೂ ಕೆಂಪು. ಪ್ರಭಾಕರನ್‌ಗೆ ನೋಡಿದ ಮೊದಲ ಎರಡು ಹೆಣ್ಣುಗಳಿಗೆ ಕೆಂಪು ಬಂದಿತ್ತು. "ನನ್ನ ಸರದೀಲೂ ಕೆಂಪೇ ಕೊಟ್ಟಿದ್ರೆ ನಾನು ಬದುಕ್ಕೊಳ್ತಿದ್ದೆ" ಎಂದು ಕಾರ್ತಿಕಾ ಆಗಾಗ ಹೇಳುವುದುಂಟು.

ಆದರೆ ಪ್ರಭಾಕರನ್ ಎದೆಗುಂದುವ ಪೈಕಿಯಲ್ಲ. ಅಂಗಡಿಯ ಬಾಗಿಲು ಅರ್ಧ ಎಳೆದು ನೇರವಾಗಿ ತೋಪಿಗೆ ಹೋದ. ಪೂಸಾರಿ ಅಯ್ಯನಾರ್ ಅವನ ಜೊತೆ ಒಂದೇ ಬೆಂಚಿನಲ್ಲಿ ಓದಿದವನು. ಮಂಗಳಾರತಿ ತಟ್ಟೆಗೆ ಹುಣಸೆಹಣ್ಣು ಹಚ್ಚಿ ತಿಕ್ಕುತ್ತಿದ್ದ.

"ಅಯ್ಯನಾರ್, ಸಾಯಂಕಾಲ ಎರಡು ಪೊಟ್ಟಣದಾಗೂ ಬಿಳಿ ಇಟ್ಬುಡು."

ತಟ್ಟೆ ತಿಕ್ಕುತ್ತಿದ್ದ ಕೈ ನಿಂತಿತು. "ಅಮ್ಮನಿಗೇ ಮೋಸ ಮಾಡಾನ ಅಂತೀಯಾ?"

"ಇದ್ರಾಗೆ ಮೋಸ ಏನ್ ಬಂತು? ಕೂಸು ಕಡಲು ನೋಡ್ತೀನಿ ಅಂದ್ರೆ ಅಮ್ಮ ಬ್ಯಾಡ ಅಂತಾಳಾ? ಅವಳು ಏಳೋದ ನಾವು ವಸಿ ಮುಂಚೇನೇ ಏಳ್ತೀವಿ, ಅಷ್ಟೇಯ."

"ನಿಮ್ಮವ್ವ ಒಂದು ಸಲಕ್ಕೆ ಬುಡಾಕಿಲ್ಲ ಕಣಪ್ಪಾ. ಮೊದಲು ಕಾಡು ಅಂತಾಳೆ, ಆಮೇಲೆ ಕಡಲು ಅಂತಾಳೆ."

"ಏನೇ ಕೇಳ್ಲಿ, ಎಷ್ಟು ಸಲ ಆದ್ರೂ ಕೇಳ್ಲಿ. ಇವತ್ತು ಪೂರಾ ಬಿಳೀನೇ. ಸ್ನೇಹಕ್ಕೋಸ್ಕರ ಇದೊಂದು ಮಾಡು."

ಅಯ್ಯನಾರ್ ಒಮ್ಮೆ ಗರ್ಭಗುಡಿಯ ಕಡೆ ನೋಡಿದ, ಒಮ್ಮೆ ಗೆಳೆಯನನ್ನು ನೋಡಿದ. ಕೆನ್ನೆ ಬಡಿದುಕೊಂಡು, "ಶರಿ" ಎಂದ. ಪ್ರಭಾಕರನ್ ಸಿಳ್ಳೆ ಹಾಕುತ್ತ ವಾಪಸ್ಸು ಬಂದು ಕಾರಿನ ಟೈರುಗಳಿಗೆ ಗಾಳಿ ಹಾಕಿಸಿದ.

ಸಂಜೆ ಹೊತ್ತಿಗೆ ತೋಪಿನಲ್ಲಿ ಅರ್ಧ ಬೀದಿ ಸೇರಿತ್ತು. ಶುಕ್ರವಾರದ ಪೂಜೆಗೆ ಬಂದವರು ಕೆಲವರಾದರೆ, ಪ್ರಭಾಕರನ್ ಮನೆಯವರು ಏನೋ ಕೇಳುತ್ತಾರಂತೆ ಎಂದು ಬಂದವರೇ ಹೆಚ್ಚು. ನಾಗಮ್ಮಾಳ್ ಸೆರಗು ಕಟ್ಟಿ ಮುಂದೆ ನಿಂತಳು.

"ಅಮ್ಮಾ, ಈ ಕೂಸೂ ಇದರವ್ವನೂ ಘಟ್ಟ ಅತ್ತಿ ಕಾಡು ನೋಡಿ, ಕಡಲು ನೋಡಿ ಬರಬೌದಾ? ಅಪ್ಪಣೆ ಕೊಡು."

ನಿವೇತಾ ಗಂಭೀರವಾಗಿ ಒಂದು ಪೊಟ್ಟಣ ಎತ್ತಿಕೊಟ್ಟಳು. ಅಯ್ಯನಾರ್ ಬಾಳೆನಾರು ಬಿಚ್ಚಿದ. ಬಿಳಿ ನಂದಿಬಟ್ಟಲು!

"ಸೂಪರಪ್ಪಾ!" ಎಂದು ಮಗಳು ಕುಣಿದಳು. ಅಯ್ಯನಾರ್ ಆ ಹೂವನ್ನು ಅಮ್ಮನ ಅಪ್ಪಣೆಯ ಗುರುತಾಗಿ ಅವಳ ಜಡೆಗೆ ಸಿಕ್ಕಿಸಿದ. ಪ್ರಭಾಕರನ್ ಭಕ್ತಿಯಿಂದ ಕೈ ಮುಗಿದು ಹೊರಡಲು ತಿರುಗಿದ.

"ಇರು" ಎಂದಳು ನಾಗಮ್ಮಾಳ್. ಅವಳ ದನಿ ಇದ್ದಕ್ಕಿದ್ದಂತೆ ಚಿಕ್ಕದಾಗಿತ್ತು. "ಅಮ್ಮಾ, ನಾನೂ ಇಲ್ಲೀಗಂಟ ಕಡಲು ಕಂಡೋಳಲ್ಲ. ಈ ವಯಸ್ಸಿಗೆ ಓಗಬೌದಾ?"

ಬಿಳಿ. ಮುದುಕಿ ಹೂವನ್ನು ಕಣ್ಣಿಗೊತ್ತಿಕೊಂಡು ಅತ್ತೇಬಿಟ್ಟಳು. ಪ್ರಭಾಕರನ್‌ಗೂ ಕಣ್ಣು ಒದ್ದೆಯಾಯಿತು. ತಾಯಿ ಕಡಲು ನೋಡಿಲ್ಲ ಎಂಬುದು ಅವನಿಗೆ ತಿಳಿದದ್ದೇ ಆಗ; ಇಷ್ಟು ದಿನ ಕೇಳಲಿಲ್ಲವಲ್ಲ ಎಂದು ನಾಚಿಕೆಯೂ ಆಯಿತು. ಕಾರಿನ ಹಿಂದಿನ ಸೀಟಿನಲ್ಲಿ ಬೇಕಾದಷ್ಟು ಜಾಗವಿದೆ, ಅವ್ವನೂ ಬರಲಿ, ಒಳ್ಳೆಯದೇ ಆಯಿತು ಎಂದುಕೊಂಡ.

ಒಳ್ಳೆಯದು ಅಲ್ಲಿಗೇ ನಿಲ್ಲಬಹುದಿತ್ತು. ನಿಲ್ಲಲಿಲ್ಲ. ಪ್ರಭಾಕರನ್‌ನನ್ನು ಅಳಿಯನ ವರಸೆಯಲ್ಲಿ ಮಾಪ್ಳೆ ಎಂದೇ ಕರೆಯುವ ಕಾಳಿಮುತ್ತು ಮುಂದೆ ಬಂದ. ಜನ್ಮದಲ್ಲಿ ತೋಪಮ್ಮನಿಂದ ಒಂದು ಬಿಳಿ ಹೂವು ಕಾಣದ ಮನುಷ್ಯನ ಮುಖದಲ್ಲಿ ಆಸೆ ಚಿಗುರಿತ್ತು.

"ಮಾಪ್ಳೆ, ಅಮ್ಮ ಇವತ್ತು ಕುಸಿಯಾಗವಳೆ. ನನಗೂ ಒಂದು ಮಾತು ಕೇಳ್ಬುಡ್ತೀನಿ. ಅಮ್ಮಾ, ಉಪ್ಪು ನೀರಾಗೆ ನಿಂತ್ರೆ ಮಂಡಿ ನೋವು ಓಯ್ತದೆ ಅಂತಾರೆ. ಇವರ ಜತೆ ಓಗ್ಲಾ?"

ಬಿಳಿ. ಕಾಳಿಮುತ್ತು ಮಂಡಿ ನೋವನ್ನೂ ಮರೆತು ಸಾಷ್ಟಾಂಗ ಬಿದ್ದ.

ನಾಗಮ್ಮಾಳಿನ ತಂಗಿ ಪೇಚ್ಚಿಯಮ್ಮಾಳ್ ಎದ್ದಳು. "ಅಕ್ಕ ಓದ್ರೆ ನಾನೊಬ್ಬಳೇ ಇಲ್ಲಿ ಯಾಕಿರ್ಲಿ ತಾಯೀ?" ಬಿಳಿ. ಅವಳ ಸೊಸೆ, ಸೊಸೆಯ ತಮ್ಮ, ಆ ತಮ್ಮನ ಅವಳಿ ಮಕ್ಕಳು. ಬಿಳಿ, ಬಿಳಿ, ಬಿಳಿ. ತೋಪಿನ ತುಂಬ ಸುದ್ದಿ ಹಬ್ಬಿತು. ಅಮ್ಮ ಕಣ್ಣು ಬಿಟ್ಟಿದ್ದಾಳೆ, ಕೇಳಿದವರಿಗೆಲ್ಲ ಅಪ್ಪಣೆ ಕೊಡುತ್ತಿದ್ದಾಳೆ! ಪಡಿತರ ಅಂಗಡಿಗೆ ಸಕ್ಕರೆ ಬಂದ ದಿನದಂತೆ ಸಾಲು ಬೆಳೆಯಿತು.

ಪ್ರಭಾಕರನ್ ಅಯ್ಯನಾರ್‌ಗೆ ಕಣ್ಣು ಮಿಟುಕಿಸಿದ. ಹುಬ್ಬು ಕುಣಿಸಿದ. ಸಾಲದ್ದಕ್ಕೆ ಕೆಂಪು ಕಣಗಿಲೆಯ ಬುಟ್ಟಿಯ ಕಡೆ ಗಲ್ಲ ತಿರುಗಿಸಿ ತೋರಿಸಿದ. ಅಯ್ಯನಾರ್ ಹತ್ತಿರ ಬಂದು, "ಕಣ್ಣಿಗೆ ಏನಾರ ಬಿತ್ತಾ?" ಎಂದು ಎಲ್ಲರ ಎದುರಿಗೇ ಕೇಳಿ, ಅಮ್ಮನ ವಿಭೂತಿಯನ್ನು ಅವನ ಕಣ್ಣಿಗೆ ಊದಿದ. ಅವನು ಕಣ್ಣೊರೆಸಿಕೊಂಡು ನೋಡುವಷ್ಟರಲ್ಲಿ ಇನ್ನೂ ನಾಲ್ವರ ಕೈಯಲ್ಲಿ ಬಿಳಿ ಹೂವಿತ್ತು.

ಬಾಯಿಬಿಟ್ಟು ಹೇಳೋಣವೆಂದರೆ ಏನೆಂದು ಹೇಳುವುದು? ಕುಲದೇವತೆಗೆ ಟೋಪಿ ಹಾಕಿದವನು ನಾನೇ ಎಂದು ಒಪ್ಪಿಕೊಂಡರೆ ಕಡಲು ಹಾಗಿರಲಿ, ಮನೆಯೊಳಗೆ ಅನ್ನ ಹುಟ್ಟುತ್ತಿರಲಿಲ್ಲ.

ಕಾಳಿಮುತ್ತು ನಾಳೆಗೆ ದೊಡ್ಡ ವ್ಯಾನು ಗೊತ್ತುಮಾಡಲು ಆಗಲೇ ಫೋನು ತೆಗೆದಿದ್ದ. "ತಂಬಿ, ವ್ಯಾನ್ ನಾಳೈಕ್ಕು ಫ್ರೀಯಾ ಇರುಕ್ಕಾ? ಪೆರಿಯ ವ್ಯಾನ್!" ಪೇಚ್ಚಿಯಮ್ಮಾಳ್ ಪುಳಿಯೋಗರೆಗೆ ಅಕ್ಕಿಯ ಲೆಕ್ಕ ಹಾಕುತ್ತಿದ್ದಳು. ಮರದ ಗುಡಿಸಲಿನಲ್ಲಿ ಇಷ್ಟು ಜನ ಹೇಗೆ ಮಲಗುವುದು ಎಂದು ಕಾರ್ತಿಕಾ ಗಂಡನ ಮುಖ ನೋಡಿದಳು. "ಕಾಡಿಗೆ ನಾಲ್ಕು ಮಾಳಿಗೆ ಐತೆ, ಎಲ್ಲಾರಿಗೂ ಸಾಕಾಗ್ತದೆ" ಎಂದು ನಿವೇತಾ ಧೈರ್ಯ ಹೇಳಿದಳು.

ಪ್ರಭಾಕರನ್ ಆಗಲೂ ಸೋಲೊಪ್ಪಲಿಲ್ಲ. ಇರಲಿ, ವ್ಯಾನಿನ ಮುಂದಿನ ಸೀಟಿನಲ್ಲಿ ಮಗಳನ್ನು ಕೂರಿಸಿಕೊಂಡರಾಯಿತು, ಕಡಲೇನು ಜನ ಹೆಚ್ಚಾದರೆ ಬತ್ತಿಹೋಗುತ್ತದೆಯೇ ಎಂದು ಸಮಾಧಾನ ಮಾಡಿಕೊಂಡ.

ಆಗ ನಾಗಮ್ಮಾಳ್ ಗಲ್ಲಕ್ಕೆ ಕೈ ಹಚ್ಚಿದಳು. "ಅಯ್ಯೋ, ಎಲ್ಲಾರೂ ಓದ್ರೆ ಮಾಡುಗಳಿಗೆ ಉಲ್ಲು ಆಕೋರು ಯಾರು?"

ದನಗಳ ಮೇವಿನದು ನಿಜವಾದ ಪ್ರಶ್ನೆಯೇ. ಅವರ ಮನೆಯ ಹಸು, ಕಾಳಿಮುತ್ತುವಿನ ಎರಡು ಎಮ್ಮೆ, ಪೇಚ್ಚಿಯಮ್ಮಾಳಿನ ಆಡುಗಳು. ಎಲ್ಲರೂ ಒಬ್ಬರ ಮುಖ ಒಬ್ಬರು ನೋಡಿದರು. ಕೆಲವರ ಮುಡಿಯಲ್ಲಿ, ಕೆಲವರ ಕಿವಿಯ ಮೇಲೆ ಅಪ್ಪಣೆಯ ಬಿಳಿ ಹೂವು. ಕಾಳಿಮುತ್ತುವಿನ ಕಣ್ಣು ಸುತ್ತಿ ಸುತ್ತಿ ಬಂದು ಪ್ರಭಾಕರನ್‌ನ ಬರಿಗೈ ಮೇಲೆ ನಿಂತಿತು.

"ಮಾಪ್ಳೆ, ನಿಂದು ಯಾರೂ ಕೇಳೇ ಇಲ್ವಲ್ಲ!"

ಹೌದು. ನಾಗಮ್ಮಾಳ್ ಕೂಸಿನದೂ ಅದರ ಅವ್ವನದೂ ಮಾತ್ರ ಕೇಳಿದ್ದಳು. ಎಲ್ಲರೂ ಅವನತ್ತ ತಿರುಗಿದರು. ಆದರೆ ಪ್ರಭಾಕರನ್‌ನ ಮುಖದಲ್ಲಿ ಮುಗುಳ್ನಗೆ ಮೂಡಿತು. ಇವತ್ತು ಅಮ್ಮ ಏನೇ ಕೇಳಿದರೂ ಹೂಂ ಎನ್ನುತ್ತಾಳೆ ಎಂಬುದು ಅವನಿಗಲ್ಲದೆ ಇನ್ನಾರಿಗೆ ಗೊತ್ತು? ಪ್ರಶ್ನೆಯನ್ನು ಜಾಣತನದಿಂದ ಕಟ್ಟಿದರೆ ಮುಗಿಯಿತು. ಕಾಳಿಮುತ್ತುವೂ ವ್ಯಾನಿನಿಂದ ಇಳಿಯುತ್ತಾನೆ.

"ನಾವ್ಯಾಕೆ ಜಗಳ ಆಡಾನ? ಅಮ್ಮನ್ನೇ ಕೇಳಾನ" ಎಂದು ಅಂಗಿಯ ತೋಳು ಮಡಚಿ ಮುಂದೆ ನಿಂತ. "ಅಮ್ಮಾ! ನಾನು ನನ್ನ ಮಗಳ ಜತೆ ಓಗಿ, ಕಾಳಿಮುತ್ತು ಮಾವ ಇಲ್ಲೇ ಇದ್ದು ಮಾಡು ಮೇಯಿಸ್ಬೇಕಾ? ಕೆಂಪು ಬಂದ್ರೆ ನಾನೇ ಇರ್ತೀನಿ, ಒಂದು ಮಾತು ಆಡಾಕಿಲ್ಲ!"

ಅವನ ಧೈರ್ಯಕ್ಕೆ ಬೀದಿಯೇ ಬೆರಗಾಯಿತು. ಕಾಳಿಮುತ್ತು ಬಿಳಿಚಿಕೊಂಡ. ಅಯ್ಯನಾರ್ ಒಳಗೆ ಹೋಗಿ, ಈ ಸಲ ಸ್ವಲ್ಪ ಹೊತ್ತು ತೆಗೆದುಕೊಂಡು, ಎರಡು ಪೊಟ್ಟಣ ತಂದಿಟ್ಟು ಕಣ್ಣು ಮುಚ್ಚಿದ. ನಿವೇತಾ ಅಪ್ಪನ ಕಡೆ ನೋಡಿ ನಕ್ಕು ಒಂದನ್ನು ಎತ್ತಿಕೊಟ್ಟಳು.

ಕೆಂಪು.

ಪ್ರಭಾಕರನ್ ಅಮ್ಮನ ಪಾದದ ಕಡೆ ನೋಡಿದ. ಇನ್ನೊಂದು ಪೊಟ್ಟಣ ಆಗಲೇ ಕಾಲುವೆಯಲ್ಲಿ ತೇಲಿಹೋಗಿತ್ತು. "ಸತ್ಯವಂತೆ ತಾಯೀ!" ಎಂದು ಕಾಳಿಮುತ್ತು ಮತ್ತೊಮ್ಮೆ ಅಡ್ಡಬಿದ್ದ. ಅಳಲು ಶುರುಮಾಡಿದ ನಿವೇತಾಳನ್ನು ಎತ್ತಿಕೊಂಡು, "ಅಳ್ಬ್ಯಾಡ ಕೂಸೇ, ನಿನ್ನ ಎಗಲ ಮ್ಯಾಲೆ ಕೂರಿಸ್ಕೊಂಡು ಕಡಲಿಗೆ ನಾ ಇಳುಸ್ತೀನಿ" ಎಂದ. ಅವಳು ಅಳು ನಿಲ್ಲಿಸಿ, ಅವನ ಮಂಡಿ ತಡೆಯುತ್ತದೆಯೇ ಎಂದು ವಿಚಾರಿಸಿದಳು. ಆ ವಿಚಾರಣೆ ಕೇಳಿ ಪ್ರಭಾಕರನ್‌ಗೆ ನಿಜವಾಗಿಯೂ ಹೊಟ್ಟೆ ಉರಿಯಿತು.

ಜನ ಗಂಟುಮೂಟೆ ಕಟ್ಟಲು ಓಡಿದ ಮೇಲೆ ಅವನು ಗುಡಿಯ ಹಿಂದೆ ಅಯ್ಯನಾರ್‌ನ ತೋಳು ಹಿಡಿದು ನಿಲ್ಲಿಸಿದ.

"ಏನಡಾ ಮಾಡ್ದೆ? ಊರಿಗೆಲ್ಲಾ ಬಿಳಿ, ನನಗೆ ಮಾತ್ರ ಕೆಂಪು ಎಲ್ಲಿಂದ ಬಂತು?"

"ನಾನೇ ಇಟ್ಟೆ ಕಣಪ್ಪಾ. ಒಂದು ಬಿಳಿ, ಒಂದು ಕೆಂಪು. ನ್ಯಾಯವಾಗಿ ಇಟ್ಟೆ."

"ಯಾಕೆ?"

ಅಯ್ಯನಾರ್ ಅವನ ಹೆಗಲ ಮೇಲೆ ಕೈಯಿಟ್ಟ. ಅವನ ಕಣ್ಣಲ್ಲಿ ನೀರಿತ್ತು.

"ಅವರಿಗೆಲ್ಲಾ ಓಗು ಅಂತ ಏಳಿದ್ದು ನಾನು. ದಾರೀಲಿ ಅವರಿಗೆ ಏನಾಗ್ತದೋ ನಾ ಏನ್ ಕಂಡೆ? ಆದ್ರೆ ನೀನು ನನ್ನ ಸ್ನೇಹಿತ ಅಲ್ವಾ, ನಿನಗೆ ಸುಳ್ಳು ಏಳಾಕೆ ಮನಸ್ಸು ಬರ್ಲಿಲ್ಲ. ನಿಂದು ಒಂದು ಮಾತ್ರ ನಿಜವಾಗ್ಲೂ ಅಮ್ಮನ್ನೇ ಕೇಳ್ದೆ."