ದಾಸವಾಳದ ಕಡ್ಡಿ

ಗುಲಾಮ್ ಹುಸೇನರನ್ನು ಅರವತ್ತನೇ ವಯಸ್ಸಿನಲ್ಲಿ ಕಳ್ಳತನಕ್ಕೆ ಇಳಿಸಿದ್ದು ಗೇಣುದ್ದದ ಒಂದು ದಾಸವಾಳದ ಕಡ್ಡಿ.

ಹಿರೇಕೊಡಿಗೆಯ ಹೊನ್ನಕ್ಕನ ಅಂಗಳದಲ್ಲಿ ಬೆಣ್ಣೆ ಬಣ್ಣದ ಮುದ್ದೆ ದಾಸವಾಳವಿತ್ತು. ಹುಸೇನರ ಹೆಂಡತಿ ಬೀಬಿ ಜಾನ್ ಮೂರು ಸಲ ಕಡ್ಡಿ ಕೇಳಿ ತಂದು ನೆಟ್ಟರು. ಮೂರೂ ಒಣಗಿದವು. ಗಿಡ ಸಾಕುವ ಹೆಂಗಸರೆಲ್ಲ ಒಪ್ಪಿದ ಕಾನೂನು ಒಂದಿದೆ: ಕೇಳಿ ತಂದದ್ದು ಬೇರು ಬಿಡುವುದಿಲ್ಲ, ಕದ್ದು ತಂದದ್ದು ಬಿಡುತ್ತದೆ. ಗಿಡದ ಯಜಮಾನಿಗೆ ಮಾತ್ರ ಗೊತ್ತಾಗಬಾರದು.

ಬೀಬಿ ಜಾನರ ಬಳಿಯೂ ಒಂದು ಕೆಂಪು ಕ್ರೋಟನ್ ಇತ್ತು. ಇದ್ದದ್ದು ಒಂದೇ ಕುಡಿ. ಹೊನ್ನಕ್ಕ ಕೇಳಿದಾಗಲೆಲ್ಲ ಅವರು "ಮಳೆಗಾಲ ಕಳೀಲಿ" ಎನ್ನುತ್ತ ಮೂರು ಮಳೆಗಾಲ ಕಳೆದಿದ್ದರು.

"ಹೊನ್ನಕ್ಕ ಇವತ್ತು ತೋಟದ ಕೆಲಸಕ್ಕೆ ಹೋಗಿರ್ತಾಳೆ. ನಾನು ತಂಗಿ ಆಸಿಫಾ ಮನೆಗೆ ಹೋಗಿ ಬರೋದ್ರೊಳಗೆ ಕಡ್ಡಿ ತನ್ನಿ," ಎಂದರು ಬೀಬಿ ಜಾನ್.

"ನಾನಾ? ಕೊಪ್ಪದಲ್ಲಿ ಮೂವತ್ತು ವರ್ಷದಿಂದ ಛತ್ರಿ ರಿಪೇರಿ ಮಾಡ್ತಿದೀನಿ. ಒಬ್ಬರ ಛತ್ರಿ ಇನ್ನೊಬ್ಬರಿಗೆ ಕೊಟ್ಟವನಲ್ಲ. ನನಗೂ ಒಂದು ಹೆಸರಿದೆ."

"ಹೆಸರು ನೀವೇ ಇಟ್ಕೊಳ್ಳಿ. ಕಡ್ಡಿ ಬರದಿದ್ರೆ ಇವತ್ತಿಂದ ಅಡುಗೆಮನೆ ನಿಮ್ಮದು."

ಚಹಾ ಕಾಯಿಸಲೂ ಬಾರದ ಹುಸೇನರು ಹಿರೇಕೊಡಿಗೆಯ ಬಸ್ಸು ಹತ್ತಿದರು.

ಹೊನ್ನಕ್ಕನ ಅಂಗಳದಲ್ಲಿ ಯಾರೂ ಇರಲಿಲ್ಲ. ಹುಸೇನರು ಕೊಂಬೆಗೆ ಕೈ ಹಾಕಿದ್ದೇ ತಡ, ಬೇಲಿಯಾಚೆಯಿಂದ ಪಕ್ಕದ ಮನೆಯ ಮಂಜಯ್ಯನ ತಲೆ ಎದ್ದಿತು.

"ಎಂತ ಸಾಹೇಬ್ರೆ, ಕಡ್ಡಿ ಕದಿಯಕ್ಕೆ ಬಂದ್ರಾ?"

"ಇಲ್ಲ... ಛತ್ರಿ ರಿಪೇರಿ ಇದೆಯಾ ಅಂತ..."

"ಅದು ಎಳೇದು ಮಾರಾಯ್ರೆ, ಕೊಳೀತದೆ. ಬಲಿತದ್ದು ಮುರೀರಿ. ನಾನಂತೂ ನೋಡಿಲ್ಲ."

ಅಷ್ಟರಲ್ಲಿ ಮಂಜಯ್ಯನ ಸೊಸೆ ಮಾಲತಿ ಕತ್ತಿ ತಂದಳು. "ಮುರೀಬೇಡಿ, ಓರೆಯಾಗಿ ಕೊಯ್ಯಿರಿ. ಹೊನ್ನಕ್ಕ ಕೇಳಿದ್ರೆ ದನ ತಿಂತು ಅಂತೀನಿ."

"ದನ ಓರೆಯಾಗಿ ತಿಂತದಾ?" ಎಂದು ಮಂಜಯ್ಯ ತಕರಾರು ತೆಗೆದ. ಮಾವ ಸೊಸೆ ಅದನ್ನು ಇತ್ಯರ್ಥ ಮಾಡುತ್ತಿರುವಾಗಲೇ ಹುಸೇನರು ಕಡ್ಡಿಯನ್ನು ಮಡಿಚಿದ ಛತ್ರಿಯೊಳಗೆ ತೂರಿಸಿ, ಪಟ್ಟಿ ಬಿಗಿದು ಬಸ್ಸಿಗೆ ಓಡಿದರು.

ಕೊಪ್ಪದಲ್ಲಿ ಇಳಿದರೆ ಧೋ ಎಂದು ಮಳೆ. ಅದೇ ಬಸ್ಸು ಹತ್ತಲು ನಿಂತಿದ್ದಳು ಹೊನ್ನಕ್ಕ! ಒಂದು ಕೈಯಲ್ಲಿ ಚೀಲ, ಇನ್ನೊಂದರಲ್ಲಿ ಹುಸೇನರ ಕೈಲಿದ್ದಂಥದೇ ಮಡಿಚಿದ ಕಪ್ಪು ಛತ್ರಿ. ಮೈಯೆಲ್ಲ ತೊಯ್ದಿತ್ತು.

"ಛತ್ರಿ ಇದ್ದೂ ನೆನೀತಿದೀರಲ್ಲ ಸಾಹೇಬ್ರೆ?"

"ಇದು ರಿಪೇರಿಗೆ ಬಂದಿದ್ದು. ನಿಮ್ಮದು?"

"ನಂದೂ ಹಾಳಾಗಿದೆ."

ಮೂವತ್ತು ವರ್ಷದಲ್ಲಿ ಮೊದಲ ಸಲ ಹುಸೇನರು "ಕೊಡಿ, ನೋಡ್ತೀನಿ" ಎನ್ನಲಿಲ್ಲ. ಹೊನ್ನಕ್ಕನೂ ಕೇಳಲಿಲ್ಲ. ಇಬ್ಬರೂ ಛತ್ರಿ ಹಿಡಿದುಕೊಂಡು ನೆನೆಯುತ್ತ ಮಳೆ ಜಾಸ್ತಿಯಾಯಿತೆಂದು ಮಾತಾಡಿದರು.

ಕಂಡಕ್ಟರ್ ಸೀಟಿ ಊದಿದ. ಹೊನ್ನಕ್ಕ ಕಂಬಿ ಹಿಡಿಯಲು ತನ್ನ ಛತ್ರಿಯನ್ನು ಹುಸೇನರ ಕೈಗೆ ತುರುಕಿ, ಚೀಲದೊಂದಿಗೆ ಹತ್ತಿದಳು. ಬಸ್ಸು ಹೊರಟೇಬಿಟ್ಟಿತು. ಹುಸೇನರು ಜೊತೆಗೇ ಓಡಿ ಕೈಗೆ ಸಿಕ್ಕ ಛತ್ರಿಯನ್ನು ಕಿಟಕಿಯಿಂದ ಕೊಟ್ಟು, ಬದುಕಿದೆ ಎಂದುಕೊಂಡು ಮನೆಗೆ ಬಂದರು.

ಬೀಬಿ ಜಾನ್ ಕ್ರೋಟನ್ ಕುಂಡದ ಮುಂದೆ ಕೂತು ಅಳುತ್ತಿದ್ದರು. ಕುಂಡದಲ್ಲಿ ಮೋಟು ಮಾತ್ರ ಇತ್ತು. "ಯಾರೋ ಪಾಪಿ ಇದ್ದ ಒಂದು ಕುಡೀನೂ ಕೊಯ್ದುಬಿಟ್ಟಿದಾನೆ!"

ಹುಸೇನರಿಗೆ ನಿಜಕ್ಕೂ ಸಂಕಟವಾಯಿತು. "ಅಳಬೇಡ, ಇಲ್ಲಿ ನೋಡು," ಎಂದು ಛತ್ರಿ ಬಿಚ್ಚಿದರು.

ಕೆಂಪು ಕ್ರೋಟನ್ ಕುಡಿ ಕೆಳಗೆ ಬಿತ್ತು.

ಬೀಬಿ ಜಾನ್ ಕುಡಿಯನ್ನು ನೋಡಿದರು, ಮೋಟನ್ನು ನೋಡಿದರು, ಗಂಡನನ್ನು ನೋಡಿದರು. "ಅಲ್ಲಿಗೆ ಹೋಗೋಕೆ ಧೈರ್ಯ ಸಾಲದೆ ಮನೇದನ್ನೇ ಕೊಯ್ದ್ರಾ?"

ಹುಸೇನರು ನಡೆದದ್ದೆಲ್ಲ ಹೇಳಿದರು. ಬೀಬಿ ಜಾನ್ ನಂಬಲಿಲ್ಲ. ಹುಸೇನರು ಹೊನ್ನಕ್ಕನಿಗೆ ಫೋನ್ ಹಚ್ಚಿ, ಸ್ಪೀಕರ್ ಹಾಕಿದರು.

"ಹೊನ್ನಕ್ಕ, ಬಸ್ ಸ್ಟ್ಯಾಂಡಲ್ಲಿ ನಮ್ಮ ಛತ್ರಿ ಅದಲುಬದಲಾಯ್ತಲ್ಲ?"

"ಎಂತ ಬಸ್ ಸ್ಟ್ಯಾಂಡ್? ನಾ ಇಡೀ ದಿನ ತೋಟದಲ್ಲಿದ್ದೆ ಮಾರಾಯ್ರೆ. ಅದಿರ್ಲಿ, ನಮ್ಮ ದಾಸವಾಳನ ದನ ತಿಂದಿದ್ಯಂತೆ. ನೀವು ಈ ಕಡೆ ಬಂದಿದ್ರಾ?"

ಹುಸೇನರಿಗೆ ತಮ್ಮ ಮೂವತ್ತು ವರ್ಷದ ಹೆಸರು ನೆನಪಾಯಿತು.

"ಇಲ್ಲ," ಎಂದರು.

ಬೀಬಿ ಜಾನ್ ಕುಡಿಯನ್ನು ಡಬ್ಬಿಯ ಮಣ್ಣಿಗೆ ಊರಿ, ನೀರು ಹಾಕಿದರು. "ಕದ್ದದ್ದು ತಾನೆ, ಬೇರು ಬಿಡುತ್ತೆ," ಎಂದು ಕೈ ತೊಳೆದುಕೊಂಡರು. "ಅಕ್ಕಿ ಕೆಳಗಿನ ಡಬ್ಬದಲ್ಲಿದೆ. ನಂಗೆ ಅನ್ನ ಮೆತ್ತಗಿರಬೇಕು."