ಬಸ್ಸಿನ ಕ್ಯಾಸೆಟ್ಟಿನಲ್ಲಿ ಕಲಿತ ಹಾಡು

ನಾನು ನಕಲು ಗಾಯಕ. ಹೇಳಿಕೊಳ್ಳುವುದಕ್ಕೆ ನನಗೆ ಎಳ್ಳಷ್ಟೂ ಸಂಕೋಚವಿಲ್ಲ. ಹಗಲೆಲ್ಲ ನ್ಯಾಮತಿಯಲ್ಲಿ ಗೊಬ್ಬರದ ಅಂಗಡಿ ನೋಡಿಕೊಳ್ಳುತ್ತೇನೆ. ಕರೆ ಬಂದ ಸಂಜೆ ಬಿಳಿ ಶೂ ಹಾಕಿಕೊಂಡು ವೇದಿಕೆ ಹತ್ತಿ ಹಳೆಯ ಕಾಲದ ಒಬ್ಬ ದೊಡ್ಡ ಗಾಯಕರ ಹಾಡುಗಳನ್ನು ಅವರ ದನಿಯಲ್ಲೇ ಹಾಡುತ್ತೇನೆ. ಯಾರು ಆ ಗಾಯಕರು ಎಂದು ಮಾತ್ರ ಕೇಳಬೇಡಿ. ಹೆಸರು ಹೇಳಿದ ತಕ್ಷಣ ನೀವು ಹೋಲಿಸಿ ನೋಡಲು ಶುರು ಮಾಡುತ್ತೀರಿ. ನಮ್ಮ ತಂಡ ಅವರೊಬ್ಬರ ಹಾಡುಗಳನ್ನು ಬಿಟ್ಟು ಬೇರೆ ಏನನ್ನೂ ಮುಟ್ಟುವುದಿಲ್ಲ. ಕೀಬೋರ್ಡ್ ನುಡಿಸುವ ಚನ್ನಗಿರಿಯ ಪರಮೇಶಿ ಇದಕ್ಕೆ ‘ಟ್ರಿಬ್ಯೂಟ್ ಬ್ಯಾಂಡ್’ ಎನ್ನುತ್ತಾರೆಂದು ಎಲ್ಲೋ ಓದಿ, ಬ್ಯಾನರಿನ ಮೇಲೆ ಅದನ್ನೇ ಬರೆಸಿದ. ಉಬ್ರಾಣಿಯಲ್ಲಿ ಅದನ್ನು ಓದಿದ ಯಜಮಾನರೊಬ್ಬರು, “ಬ್ಯಾಂಡು ಅಂದ್ರೆ ಮದುವೆ ದಿಬ್ಬಣಕ್ಕೂ ಬರ್ತೀರೇನ್ರೀ?” ಎಂದು ಕೇಳಿದರು. ಬರುತ್ತೇವೆ ಎಂದೆ.

ನಕಲಿನ ಅನುಕೂಲಗಳನ್ನು ಜನ ಸರಿಯಾಗಿ ಅರ್ಥ ಮಾಡಿಕೊಂಡಿಲ್ಲ. ಅಸಲಿ ಗಾಯಕರು ನಮ್ಮ ಕಡೆ ಯಾವತ್ತೂ ಬರಲಿಲ್ಲ. ಬಂದಿದ್ದರೂ ಜನ ಕೇಳಿದ ಹಾಡು ಬಿಟ್ಟು, ತಮಗೆ ಬೇಕಾದ ಹೊಸ ಹಾಡು ಹಾಡುತ್ತಿದ್ದರು. ನಾನು ಹಾಗಲ್ಲ. ಕೇಳಿದ್ದನ್ನು ಹಾಡುತ್ತೇನೆ, ಒನ್ಸ್ ಮೋರ್ ಅಂದರೆ ಮತ್ತೆ ಹಾಡುತ್ತೇನೆ, ಮಂಡಕ್ಕಿ ಮಿರ್ಚಿ ಕೊಟ್ಟರೆ ತಿಂದು ಕೈ ಒರೆಸಿಕೊಂಡು ಮತ್ತೆ ಮೈಕು ಹಿಡಿಯುತ್ತೇನೆ. ಅನನುಕೂಲ ಒಂದೇ: ಚೆನ್ನಾಗಿ ಹಾಡಿದರೆ ಹೆಸರು ಅವರಿಗೆ, ಕೆಟ್ಟರೆ ಬೈಗುಳ ನನಗೆ. ನನ್ನ ಹೆಂಡತಿ ಗಿರಿಜಾ ಇನ್ನೂ ಒಂದನ್ನು ಸೇರಿಸುತ್ತಾಳೆ. “ಬಚ್ಚಲಾಗೂ ಅವರ ದನೀನೇ. ನಿಮ್ಮ ದನಿ ಹೆಂಗೈತೆ ಅಂತ ನನಗೆ ಮರ್ತೇ ಹೋಗೈತೆ ನೋಡ್ರಿ.”

ಆದರೆ ತದ್ರೂಪ ಅಂದರೆ ತದ್ರೂಪ, ಅದರಲ್ಲಿ ರಾಜಿಯಿಲ್ಲ. ಅವರು ಎಲ್ಲಿ ಉಸಿರು ತೆಗೆದುಕೊಂಡಿದ್ದಾರೋ ಅಲ್ಲೇ ನಾನೂ ತೆಗೆದುಕೊಳ್ಳುವುದು. ಈ ಶ್ರದ್ಧೆಯನ್ನು ನಾನು ಕಲಿತದ್ದು ಯಾವ ಗುರುವಿನ ಹತ್ತಿರವೂ ಅಲ್ಲ, ಕಾಲೇಜಿಗೆ ಹೋಗುವಾಗ ಹತ್ತುತ್ತಿದ್ದ ಹೊನ್ನಾಳಿ ಬಸ್ಸಿನಲ್ಲಿ. ನ್ಯಾಮತಿಯಿಂದ ಹೊರಟು ಹೊನ್ನಾಳಿ ದಾಟಿ ಚನ್ನಗಿರಿಯವರೆಗೆ ಹೋಗುತ್ತಿದ್ದ ಆ ಖಾಸಗಿ ಬಸ್ಸಿನಲ್ಲಿ ಇದ್ದದ್ದು ಒಂದೇ ಕ್ಯಾಸೆಟ್ಟು. ಡ್ರೈವರ್ ಬಸಣ್ಣನಿಗೆ ಅದೇ ಪ್ರಾಣ. ನಾನು ಕಾಲೇಜು ಸೇರುವ ಮೊದಲೇ ಒಮ್ಮೆ ಟೇಪ್ ರೆಕಾರ್ಡರು ಕ್ಯಾಸೆಟ್ಟಿನ ರೀಲನ್ನು ಎಳೆದು ನುಂಗಿಬಿಟ್ಟಿತ್ತಂತೆ. ಬಸಣ್ಣ ಕೆಟ್ಟುಹೋದ ತುಂಡನ್ನು ಬ್ಲೇಡಿನಿಂದ ಕತ್ತರಿಸಿ, ಉಳಿದದ್ದನ್ನು ಅಂಟಿಸಿ ಮತ್ತೆ ಹಾಕಿದನಂತೆ. ಆ ದಾರಿಯಲ್ಲಿ ಓಡಾಡಿದ ಒಂದಿಡೀ ತಲೆಮಾರಿಗೆ ಆ ಹಾಡುಗಳು ಬಾಯಿಪಾಠವಾಗಿವೆ. ನನಗಂತೂ ಬಿಡಿ, ರಕ್ತಕ್ಕೇ ಇಳಿದಿವೆ.

ಅವುಗಳಲ್ಲಿ ಒಂದು ಯುಗಳಗೀತೆ ನಮ್ಮ ತಂಡದ ಹೆಗ್ಗಳಿಕೆ; ನಾಯಕಿಯ ಭಾಗ ಹಾಡಲು ತಂಡದಲ್ಲಿ ಒಬ್ಬ ಹುಡುಗಿಯಿದ್ದಾಳೆ. ಕೊನೆಯಲ್ಲಿ ನಾಯಕ ಕೆರೆ ಏರಿಯ ಮೇಲೆ ನಿಂತು, ನನ್ನ ಜೊತೆ ಬರುತ್ತೀಯಾ ಎಂದು ನಾಯಕಿಯನ್ನು ಕೇಳುತ್ತಾನೆ. ಕೇಳಿದ್ದೇ ತಡ, ಕೊಳಲು ಬರುತ್ತದೆ. ಅವನು ಹೊರಟುಹೋಗುತ್ತಾನೆ. ಅವಳ ಉತ್ತರವೇ ಇಲ್ಲ! ಎಂಥ ಕಲ್ಪನೆ ನೋಡಿ. ಹೊನ್ನಾಳಿಯಲ್ಲಾಗಲಿ ಚನ್ನಗಿರಿಯಲ್ಲಾಗಲಿ ಆ ಕೊಳಲು ಬರುವ ಜಾಗಕ್ಕೆ ಶಿಳ್ಳೆ ಬೀಳದೆ ಇರುವುದಿಲ್ಲ.

ಗಿರಿಜಾಳ ತವರು ಜಗಳೂರು. ಆ ಬಸ್ಸು ಅಲ್ಲಿಗೆ ಹೋಗುತ್ತಿರಲಿಲ್ಲ. ಆ ಊರಿನವರು ಹಾಡು ಕೇಳಿದ್ದು ರೇಡಿಯೋದಲ್ಲಿ. ಹೆಣ್ಣು ನೋಡಲು ಹೋದಾಗ ನಮ್ಮ ಸೋದರಮಾವ ಪದ್ಧತಿಯಂತೆ, “ಒಂದು ಹಾಡು ಹೇಳವ್ವ” ಎಂದರು. ಅವಳು ಹೇಳಿದ್ದು ಇದೇ ಹಾಡು. ನನಗೆ ರೋಮಾಂಚನವಾಯಿತು. ಆದರೆ ಕೊಳಲು ಬರಬೇಕಾದ ಜಾಗದಲ್ಲಿ ಅವಳು ನಿಲ್ಲಿಸದೆ ಇನ್ನೂ ಏನೋ ಹಾಡಿದಳು. ನಾನು ಸುಮ್ಮನಿರಲಾರದೆ, “ದನಿ ಚೆನ್ನಾಗೈತೆ. ಎರಡು ಸಾಲು ಜಾಸ್ತಿ ಆತು” ಎಂದೆ. ಅವಳು ತಲೆ ತಗ್ಗಿಸಿದಳು. ಹಿರಿಯರು “ಹುಡುಗಿ ಸುಮ್ಮನಿದ್ದಾಳೆ ಅಂದ್ರೆ ಒಪ್ಪಿಗೆ” ಎಂದು ಸಕ್ಕರೆ ಹಂಚಿದರು. ತಪ್ಪು ಹಾಡಿದರೂ ದೊಡ್ಡ ಮನಸ್ಸು ಮಾಡಿ ಮದುವೆಯಾದೆ ಎಂದು ನಾನು ಇಷ್ಟು ವರ್ಷ ಹೇಳಿಕೊಂಡು ಬಂದಿದ್ದೇನೆ.

ಈ ಸಲದ ರಾಜ್ಯೋತ್ಸವಕ್ಕೆ ಜಗಳೂರಿನಿಂದಲೇ ಕರೆ ಬಂತು. ಬೀಗರ ಊರು, ಮುಂದಿನ ಸಾಲಿನಲ್ಲಿ ಮಾವನವರು, ಭಾವಮೈದುನರು. ಅಳಿಯ ಯಾರು ಅಂತ ತೋರಿಸಲು ಇದಕ್ಕಿಂತ ಬೇರೆ ವೇದಿಕೆ ಬೇಕೆ? ಹೊರಡುವ ಮುಂಚೆ ಗಿರಿಜಾ ಹೇಳಿದಳು: “ಅಲ್ಲಿ ಎಲ್ರಿಗೂ ಆ ಹಾಡು ಪೂರ್ತಿ ಬರ್ತೈತೆ. ಈ ಸಲನಾದ್ರೂ ಆ ಎರಡು ಸಾಲು ಹಾಡಿಸ್ರಿ. ನಮ್ಮೂರಾಗೆ ನನ್ನ ಮರ್ಯಾದಿ ತೆಗೀಬ್ಯಾಡ್ರಿ.”

“ಅಸಲಿನಾಗೆ ಇಲ್ಲದ್ದನ್ನ ಸೇರಿಸಿದ್ರೆ ಅದು ತದ್ರೂಪ ಹೆಂಗಾಗ್ತೈತೆ?” ಎಂದೆ.

“ಫೋನಾಗೆ ಐತೆ, ಕೇಳಿಸ್ಲಾ?”

“ಫೋನಾಗೆ ಯಾರು ಬೇಕಾದ್ರೂ ಏನು ಬೇಕಾದ್ರೂ ಹಾಕ್ತಾರೆ,” ಎಂದು ಬಿಳಿ ಶೂ ಒರೆಸಲು ಕೂತೆ.

ಜಗಳೂರಿನ ಆ ಸಂಜೆ ನಾನು ಹಿಂದೆಂದೂ ಹಾಡದಷ್ಟು ಚೆನ್ನಾಗಿ ಹಾಡಿದೆ, ಇದನ್ನು ಯಾರು ಬೇಕಾದರೂ ಹೇಳುತ್ತಾರೆ. ಯುಗಳಗೀತೆ ಬಂತು. ಬರುತ್ತೀಯಾ ಎಂದು ಕೈ ಚಾಚಿ ಕೇಳಿದೆ, ಕೊಳಲಿಗಾಗಿ ಪರಮೇಶಿಯ ಕಡೆ ತಿರುಗಿದೆ. ಅವನು ಕೀಲಿ ಒತ್ತಿದ. ಅದೇ ಹೊತ್ತಿಗೆ ಹೆಂಗಸರು ಕೂತ ಕಡೆಯಿಂದ ಒಂದು ದನಿ ಎದ್ದಿತು. ಅದರ ಹಿಂದೆ ಹತ್ತು, ಆಮೇಲೆ ಇಡೀ ಮೈದಾನ. ಬರುತ್ತೇನೆ, ಎಂದೋ ಒಪ್ಪಿದ್ದೇನೆ, ಕೇಳಿದವನು ಉತ್ತರಕ್ಕೆ ನಿಲ್ಲಬಾರದೇ ಎಂದು ನಾಯಕಿ ಹಾಡುವ ಎರಡು ಸಾಲು! ಪರಮೇಶಿ ಗಾಬರಿಯಾಗಿ ಕೈ ತೆಗೆದ. ಮೈಕು ಹಿಡಿದಿದ್ದ ನನಗೆ ಬಸಣ್ಣನ ಬ್ಲೇಡು ನೆನಪಾಯಿತು. ಮೊದಲು ಎದ್ದ ದನಿ ಯಾರದೆಂದು ಹುಡುಕಬೇಕಾಗಿರಲಿಲ್ಲ. ಗಿರಿಜಾ ಎದ್ದು ನಿಂತು ಹಾಡುತ್ತಿದ್ದಳು. ಮುಂದಿನ ಸಾಲಿನಲ್ಲಿ ಮಾವನವರು ಟವೆಲ್ಲಿನಿಂದ ಬಾಯಿ ಮುಚ್ಚಿಕೊಂಡು ನಗುತ್ತಿದ್ದರು.

ಮರುದಿನ ಬೆಳಿಗ್ಗೆ ಊರಿಗೆ ಮರಳುವ ಬಸ್ಸಿನಲ್ಲಿ ನಾನೇ ಮಾತು ತೆಗೆದೆ. “ಪಬ್ಲಿಕ್ಕು ಚೆನ್ನಾಗಿ ಸಾಥ್ ಕೊಟ್ರು ಅಲ್ಲ?” ಎಂದೆ. ಧೈರ್ಯ ಬಿಡುವ ಜಾತಿ ನನ್ನದಲ್ಲ.

ಗಿರಿಜಾ ಕಿಟಕಿಯ ಕಡೆ ನೋಡುತ್ತಲೇ ಹೇಳಿದಳು. “ಅವತ್ತು ನಿಮ್ಮ ಮುಂದೆ ಆ ಎರಡು ಸಾಲಿಗೋಸ್ಕರಾನೇ ಆ ಹಾಡು ಆರಿಸ್ಕಂಡಿದ್ದೆ ಕಣ್ರೀ. ಬಾಯಿಬಿಟ್ಟು ಹೇಳಾಕೆ ನಾಚಿಕೆ, ಹಾಡಿನಾಗೆ ಹೇಳಾನ ಅಂತ. ನೀವು ಜಾಸ್ತಿ ಆತು ಅಂದ್ರಿ. ಆಮೇಲೆ ಸುಮ್ಮನೆ ಕುಂತೆ. ಸುಮ್ಮನೆ ಕುಂತಿದ್ದನ್ನ ಒಪ್ಪಿಗೆ ಅಂದ್ರಿ.”

ಉಸಿರು ಎಲ್ಲಿ ತೆಗೆದುಕೊಳ್ಳಬೇಕೆಂದು ಗೊತ್ತಿದ್ದವನಿಗೆ ಎಲ್ಲಿ ನಿಲ್ಲಬೇಕೆಂದು ಗೊತ್ತಿರಲಿಲ್ಲ. ಅವಳ ಕಡೆ ತಿರುಗಿ, ಮದುವೆಯಾದಾಗಿನಿಂದ ಮೊದಲ ಸಲ ನನ್ನದೇ ದನಿಯಲ್ಲಿ ಕೇಳಿದೆ: “ಹಂಗಾದ್ರೆ, ನಾನು ಹಂಗಂದ ಮೇಲೂ ನಿನಗೆ ಮನಸ್ಸಿತ್ತೇನೆ?”

ಅವಳು ನನ್ನ ಮುಖ ನೋಡಿದಳು. ಬಾಯಿ ತೆರೆದಳು. ಅಷ್ಟರಲ್ಲಿ ಕಿಸೆಯಲ್ಲಿ ಫೋನು ಬಡಿದುಕೊಂಡಿತು. ಸೂಳೆಕೆರೆ ಕಡೆಯ ಹಳ್ಳಿಯೊಂದರಿಂದ ಕರೆ, ಮುಂದಿನ ವಾರದ ಕಾರ್ಯಕ್ರಮ. “ಹಲೋ, ಹೇಳ್ರಿ, ಬರ್ತೀವ್ರಿ, ಎಲ್ಲಾ ಹಾಡೂ ತದ್ರೂಪ ಇರ್ತಾವ್ರಿ” ಎಂದು ಮಾತು ಮುಗಿಸಿ ತಿರುಗಿದೆ.

ಗಿರಿಜಾ ಮತ್ತೆ ಕಿಟಕಿಯ ಕಡೆ ಮುಖ ಮಾಡಿ ಅದೇ ಹಾಡನ್ನು ಗುನುಗುತ್ತಿದ್ದಳು. ಬರುತ್ತೀಯಾ ಎನ್ನುವವರೆಗೆ ಬಂದು, ಎರಡು ಸಾಲು ಬಿಟ್ಟು, ನೇರವಾಗಿ ಕೊಳಲಿಗೆ ಹೋದಳು.