ಟೊಮ್ಯಾಟೊ ದರದ ಗುಪ್ತಲಿಪಿ: ಹಳೆಯ ಇಂಟರ್‌ಫೇಸನ್ನು ಕೈಬಿಡುವ ಬಗ್ಗೆ

ದರ ಗಣಕ ವಿಭಾಗ, ಕೋಲಾರ
ಸಂಖ್ಯೆ: ದಗವಿ/ಗುಪ್ತ/17/2006-07
ದಿನಾಂಕ: 24-07-2006

ಸುತ್ತೋಲೆ

ವಿಷಯ: ಗಣಕಯಂತ್ರದ ಮೂಲ ತಂತ್ರಾಂಶವಾದ ಕರ್ನೆಲ್‌ನಲ್ಲಿರುವ ಹಳೆಯ ಗುಪ್ತಲಿಪಿ ಇಂಟರ್‌ಫೇಸನ್ನು ಹಂತಹಂತವಾಗಿ ಕೈಬಿಡುವ ಬಗ್ಗೆ, ಹಾಗೂ ಒಮ್ಮೆಗೇ ಕೈಬಿಟ್ಟಿದ್ದರ ಬಗ್ಗೆ.

ಉಲ್ಲೇಖ: ಟೊಮ್ಯಾಟೊ ಬೆಳೆಗಾರರಾದ ಶ್ರೀಮತಿ ಮುನಿಯಲ್ಲಮ್ಮನವರ ಮೌಖಿಕ ದೂರು (ಎಲ್ಲರೂ ಕೇಳಿರುತ್ತಾರೆ).

1. ಕೋಲಾರದಿಂದ ಹೊರಡುವ ಟೊಮ್ಯಾಟೊ ದರವು ದಲ್ಲಾಳಿಗಳ ಕಣ್ಣಿಗೆ ಬೀಳದಂತೆ ಗುಪ್ತಲಿಪಿಯಲ್ಲಿ ಸಾಗಿ, ಶ್ರೀನಿವಾಸಪುರ ಉಪಕೇಂದ್ರದ ಫಲಕದಲ್ಲಿ ಮತ್ತೆ ಅಂಕಿಯಾಗುತ್ತಿತ್ತು. ಈ ಕೆಲಸ ಮಾಡುತ್ತಿದ್ದ ಹಳೆಯ ಇಂಟರ್‌ಫೇಸನ್ನು ಪ್ರೋಗ್ರಾಮರ್ ಶ್ರೀ ವಂಶಿಕೃಷ್ಣ ಅವರು 'ಯಾರೂ ಬಳಸುತ್ತಿಲ್ಲ' ಎಂಬ ಟಿಪ್ಪಣಿಯೊಂದಿಗೆ ಕಳೆದ ಸೋಮವಾರ ತೆಗೆದುಹಾಕಿರುತ್ತಾರೆ. ಶ್ರೀನಿವಾಸಪುರ ಬಳಸುತ್ತಿತ್ತು.

2. ಮಂಗಳವಾರ ಫಲಕದಲ್ಲಿ ದರದ ಬದಲು 'ಕ್ಷ್ಝ#ಱ' ಎಂದು ಮೂಡಿ ಹರಾಜು ನಿಂತಿರುತ್ತದೆ. ನಾಳೆ ಸರಿಹೋಗುವುದೆಂದು ಉಪಕೇಂದ್ರದ ಲೆಕ್ಕಿಗರಾದ ಶ್ರೀಮತಿ ಅಂಬಾಬಾಯಿಯವರು ತಿಳಿಸಿದಾಗ, ಮುನಿಯಲ್ಲಮ್ಮನವರು 'ನಾಳೆಗಂಟ ಹಣ್ಣು ನಿಲ್ತದೇನಮ್ಮಾ? ಆಗ್ಲೇ ಬಾಕ್ಸಲ್ಲಿ ಸಾರಾಗ್ತೈತೆ. ಆ ಬೋರ್ಡ್ ಏನಂತೈತೋ ನೀನೇ ಬಾಯ್ಬಿಟ್ಟು ಹೇಳು' ಎಂದಿರುತ್ತಾರೆ.

3. ಅಂಬಾಬಾಯಿಯವರು ದೂರವಾಣಿಯಲ್ಲಿ ದರ ಕೇಳಿದಾಗ, ಗೋಪ್ಯವೆಂದು ವಂಶಿಕೃಷ್ಣ ಅವರು ನಿರಾಕರಿಸಿರುತ್ತಾರೆ. 'ಹೇಳೋ ವಂಶಿ, ಇವರೆಲ್ಲ ಹಣ್ಣು ತಂದು ನನ್ನ ಮೇಜಿನ ಮೇಲೆ ಸುರೀತಾರೆ ಕಣೋ' ಎಂಬ ಅಂಬಾಬಾಯಿಯವರ ಮನವಿಯ ಮೇರೆಗೆ ಹೇಳಿರುತ್ತಾರೆ. ಅಂಬಾಬಾಯಿಯವರು ಕ್ರೇಟಿನ ಮೇಲೆ ನಿಂತು ಕೂಗಿದ್ದು ಬಸ್ ನಿಲ್ದಾಣದವರೆಗೂ ಕೇಳಿಸಿ, ಮುಳಬಾಗಿಲು ಬಸ್ಸು ಹತ್ತಿದ್ದ ಖರೀದಿದಾರರೂ ಇಳಿದು ಬಂದು, ಮಧ್ಯಾಹ್ನದೊಳಗೆ ಹಣ್ಣೆಲ್ಲ ಮಾರಾಟವಾಗಿರುತ್ತದೆ. ಬೆಳೆಗಾರರು ಸಂತೋಷಗೊಂಡಿರುವುದನ್ನು ವಿಭಾಗವು ಗಂಭೀರವಾಗಿ ಪರಿಗಣಿಸಿದೆ.

4. ಆದ್ದರಿಂದ, ಹೊಸ ಇಂಟರ್‌ಫೇಸ್ ತಲುಪುವವರೆಗೆ ಅಂಬಾಬಾಯಿಯವರನ್ನೇ ಇಂಟರ್‌ಫೇಸ್ ಎಂದು ಭಾವಿಸಲು ಬುಧವಾರ ಆದೇಶಿಸಲಾಗಿತ್ತು. ಅವರು ದರವನ್ನು ಗೋಪ್ಯವಾಗಿ ಕೂಗತಕ್ಕದ್ದು. ಕೇಳಿಸಿಕೊಂಡವರು ಕೇಳಿಸಿಕೊಂಡಿಲ್ಲವೆಂದು ತಿಳಿಯತಕ್ಕದ್ದು. ಇಂಟರ್‌ಫೇಸಿಗೆ ಊಟದ ವಿರಾಮ ಇರುವುದಿಲ್ಲ.

5. ಶುಕ್ರವಾರ ವಂಶಿಕೃಷ್ಣ ಅವರು ಖುದ್ದಾಗಿ ಬಸ್ಸಿನಲ್ಲಿ ಹೋಗಿ ಹೊಸ ಇಂಟರ್‌ಫೇಸ್ ಅಳವಡಿಸಿದ್ದು, ಫಲಕದಲ್ಲಿ ಅಂಕಿಗಳು ಸ್ಪಷ್ಟವಾಗಿ ಮೂಡಿರುತ್ತವೆ. ಯಾರೂ ನೋಡಿರುವುದಿಲ್ಲ. ಕಾರಣ ಕೇಳಲಾಗಿ ಅಂಬಾಬಾಯಿಯವರು, 'ನಾನೇನ್ ಮಾಡ್ಲಿ ಸಾರ್? ಎಲ್ಲರೂ ನನ್ನ ಮುಖಾನೇ ನೋಡ್ತಾ ನಿಂತಿರ್ತಾರೆ. ಗಂಟಲು ಕಟ್ಟಿದೆ ಅಂದ್ರೆ ಮುನಿಯಲ್ಲಮ್ಮ ಮನೆಯಿಂದ ಮೆಣಸಿನ ಸಾರು ಮಾಡ್ಕೊಂಡ್ ಬಂದ್ರು. ಕುಡಿದ್ಮೇಲೆ ಕೂಗದೆ ಇರೋಕಾಗುತ್ತಾ?' ಎಂದು ವಿವರಣೆ ಸಲ್ಲಿಸಿದ್ದು, ವಿವರಣೆಯನ್ನು ಒಪ್ಪಲಾಗಿದೆ.

6. ಮೇಲ್ಕಂಡ ಕಾರಣಗಳಿಂದ ಫಲಕವನ್ನೇ 'ಹಳೆಯ ಇಂಟರ್‌ಫೇಸ್' ಎಂದು ಘೋಷಿಸಿ, ಹಂತಹಂತವಾಗಿ ಕೈಬಿಡತಕ್ಕದ್ದೆಂದು ಈ ಮೂಲಕ ಸೂಚಿಸಲಾಗಿದೆ.

ಸಹಿ/-
ಉಪನಿರ್ದೇಶಕರ ಪರವಾಗಿ
(ಉಪನಿರ್ದೇಶಕರು ಮಾಲೂರು ಪ್ರವಾಸದಲ್ಲಿರುತ್ತಾರೆ)

ಪ್ರತಿ:
1. ಶ್ರೀ ವಂಶಿಕೃಷ್ಣ: ಗುಪ್ತಲಿಪಿಯಲ್ಲಿ.
2. ಶ್ರೀಮತಿ ಅಂಬಾಬಾಯಿ: ಮೆಲ್ಲಗೆ ಓದಿಕೊಳ್ಳಲು.
3. ದಲ್ಲಾಳಿಗಳ ಸಂಘ: ಇವರಿಗೆ ತಿಳಿಸಬಾರದೆಂಬ ಮಾಹಿತಿಗಾಗಿ.